ಎಜುಕೇಶನ್ ಲೋನ್ ಮುಂಚೆನೇ ಪೂರ್ತಿ ಕಟ್ದೆ, ಈಗ 419 ರೂಪಾಯಿ ಬಾಕಿ ಅಂತ ಸೈಟ್ ಪತ್ರ ಕೊಡ್ತಿಲ್ಲ

ಕೊಬ್ಬರಿ_ಹುಡುಗ | ಜೂನ್ 15, 2025, ರಾತ್ರಿ 10:40

ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

2018ರಲ್ಲಿ ಬಿಇ ಸೇರ್ದಾಗ ನಮ್ಮೂರಿನ ಒಂದು ಸರ್ಕಾರಿ ಬ್ಯಾಂಕಲ್ಲಿ (ಹೆಸರು ಬೇಡ) 9 ಲಕ್ಷ ಲೋನ್ ತಗೊಂಡ್ವಿ. ಏಳೂವರೆ ಲಕ್ಷ ದಾಟತ್ತೆ ಅಂತ ಅಪ್ಪನ ಸೈಟ್ ಪತ್ರ ಅಡ ಇಡಿಸ್ಕೊಂಡ್ರು, ಅಪ್ಪ ಕೋ ಅಪ್ಲಿಕೆಂಟ್. ಕೆಲಸ ಸಿಕ್ಕಿದ್ಮೇಲೆ ಇಎಂಐ ಒಂದೂ ಬೌನ್ಸ್ ಆಗಿಲ್ಲ. ಈ ವರ್ಷ ಬೋನಸ್ಸು, ಅಮ್ಮನ ಚೀಟಿ ದುಡ್ಡು ಎಲ್ಲಾ ಸೇರ್ಸಿ ಒಂದೇ ಸಲ ಮುಗಿಸಿಬಿಡೋಣ ಅಂತ ಬ್ರಾಂಚಿಗೆ ಹೋದೆ. ಮಾರ್ಚ್ 4ಕ್ಕೆ ಕ್ಲೋಸ್ ಮಾಡಿದ್ರೆ 4,86,320 ಅಂತ ಲೆಟರ್ ಕೊಟ್ರು. ನೇರ ಲೋನ್ ಅಕೌಂಟಿಗೆ ಹಾಕ್ತೀನಿ ಅಂದೆ, ಬೇಡ ಸರ್ ನಿಮ್ಮ ಎಸ್‌ಬಿಗೆ (ಉಳಿತಾಯ ಖಾತೆಗೆ) ಹಾಕಿ ನಾವೇ ಟ್ರಾನ್ಸ್‌ಫರ್ ಮಾಡ್ಕೋತೀವಿ ಅಂದ್ರು. ಮಾರ್ಚ್ 4 ಮಂಗಳವಾರ ಬೆಳಿಗ್ಗೆ ದುಡ್ಡು ಹಾಕಿ, ಲೆಟರ್ ಬರ್ದು ಕೊಟ್ಟು, ಕೌಂಟರಲ್ಲಿ ಇದ್ದೋರು "ಆಗೋಗತ್ತೆ ಹೋಗಿ" ಅಂದ್ಮೇಲೆ ಬೆಂಗಳೂರು ಬಸ್ ಹತ್ದೆ.

ಅವ್ರು ಟ್ರಾನ್ಸ್‌ಫರ್ ಮಾಡಿದ್ದು 7ನೇ ತಾರೀಖು. ಮೂರು ದಿನದ ಬಡ್ಡಿ 419 ರೂಪಾಯಿ ಲೋನ್ ಅಕೌಂಟಲ್ಲಿ ಹಾಗೇ ಉಳ್ಕೊಂಡಿದೆ. ನಂಗೊಂದು ಫೋನಿಲ್ಲ, ಮೆಸೇಜಿಲ್ಲ. ಮೇ ತಿಂಗಳಲ್ಲಿ ಅದರ ಮೇಲೆ ಇನ್ಸ್‌ಪೆಕ್ಷನ್ ಚಾರ್ಜ್ ಅಂತ ಜಿಎಸ್‌ಟಿ ಸೇರಿ 236 ಹಾಕಿದಾರೆ. ಯಾವ ಇನ್ಸ್‌ಪೆಕ್ಷನ್ನು, ಯಾರು ಬಂದು ಏನು ನೋಡಿದ್ರೋ ದೇವ್ರಿಗೇ ಗೊತ್ತು, ಆ ಸೈಟಲ್ಲಿ ಇರೋದು ಎರಡು ತೆಂಗಿನ ಮರ ಒಂದು ಕಲ್ಲು ಚಪ್ಪಡಿ.

ಆಷಾಢ ಕಳೆದ್ಮೇಲೆ ತಂಗಿ ಮದುವೆ. ಅದಕ್ಕೆ ಅಪ್ಪ ಆ ಸೈಟ್ ಮಾರೋಕೆ ಅಡ್ವಾನ್ಸ್ ತಗೊಂಡಿದಾರೆ. ತಗೊಳೋರ ಕಡೆ ಲಾಯರ್ ಇಸಿ (ಆಸ್ತಿ ಮೇಲೆ ಅಡಮಾನ ಏನಿದೆ ಅಂತ ತೋರ್ಸೋ ಪತ್ರ) ತೆಗೆಸಿದ್ರೆ ಬ್ಯಾಂಕಿನ ಅಡಮಾನ ಹಾಗೇ ಇದೆ. ಒರಿಜಿನಲ್ ಪತ್ರ ಕೇಳೋಕೆ ಅಪ್ಪ ಬ್ರಾಂಚಿಗೆ ಹೋದ್ರೆ "ನಿಮ್ಮ ಲೋನ್ ಓವರ್‌ಡ್ಯೂ ಇದೆ" ಅಂತ ಹತ್ತು ಜನರ ಮುಂದೆ ಹೇಳಿದಾರೆ. ಅಪ್ಪ ನಂಗೆ ಫೋನ್ ಮಾಡಿ "ಏನಪ್ಪಾ ಪೂರ್ತಿ ಕಟ್ಟಿದೀನಿ ಅಂದಿದ್ಯಲ್ಲ" ಅಂತ ಕೇಳಿದ್ರು. ಆ ಧ್ವನಿ ಇನ್ನೂ ಕಿವೀಲಿದೆ. ಸಿಬಿಲ್ (ಸಾಲ ಹೇಗೆ ಕಟ್ಟಿದೀವಿ ಅನ್ನೋ ರಿಪೋರ್ಟ್) ತೆಗೆದು ನೋಡ್ದೆ, ನಂದೂ ಅಪ್ಪಂದೂ ಎರಡೂ ರಿಪೋರ್ಟಲ್ಲಿ 56 ದಿನ ಲೇಟ್ ಅಂತ ಕೆಂಪಕ್ಷರ.

ಏನ್ ಮಾಡ್ಲಿ? 419, 236 ಎರಡೂ ಸೇರಿ 655 ಬಿಸಾಕಿ ಬರ್ಲಾ?

ಜಯನಗರ_ನಾಲ್ಕನೇ_ಬ್ಲಾಕ್

ಬಿಸಾಕಿ ಬಾ ಗುರು. 655 ರೂಪಾಯಿಗೆ ಮದುವೆ ನಿಲ್ಲಿಸ್ತೀಯಾ.

ವಕೀಲ_ಅಲ್ಲ

ನಿಲ್ಲಿ ನಿಲ್ಲಿ, ಕಟ್ಬೇಡಿ, ಮೊದ್ಲು ಇದನ್ನ ಓದಿ. ಆರ್‌ಬಿಐ 2023 ಸೆಪ್ಟೆಂಬರ್ 13ಕ್ಕೆ ಒಂದು ಸರ್ಕ್ಯುಲರ್ ಹೊರಡಿಸಿದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಒರಿಜಿನಲ್ ಪತ್ರ ವಾಪಸ್ ಕೊಟ್ಟು ಅಡಮಾನ ತೆಗೆಸ್ಬೇಕು. ತಡ ಆಯ್ತು, ತಪ್ಪು ಅವರದ್ದೇ ಅಂತಾದ್ರೆ ದಿನಕ್ಕೆ 5,000 ಸಾಲಗಾರನಿಗೆ ಕೊಡ್ಬೇಕು. 2023 ಡಿಸೆಂಬರ್ 1ರಿಂದ ಜಾರಿ. ಪರ್ಸನಲ್ ಲೋನಿಗೆ ಮಾತ್ರ ಅಂತ ಇದೆ, ಆದ್ರೆ ಆರ್‌ಬಿಐ ಲೆಕ್ಕದಲ್ಲಿ ಎಜುಕೇಶನ್ ಲೋನ್ ಕೂಡ ಪರ್ಸನಲ್ ಲೋನೇ, ಆ ಬಗ್ಗೆ ಅನುಮಾನ ಬೇಡ.

ನಿಮ್ಮ ಕೇಸಲ್ಲಿ ಮಾರ್ಚ್ 4ಕ್ಕೆ ತೀರಿದೆ ಅಂತಾದ್ರೆ ಏಪ್ರಿಲ್ 3ಕ್ಕೆ ಗಡುವು ಮುಗೀತು. ಇವತ್ತಿಗೆ 73 ದಿನ.

ಬರೀ_ಓದ್ತೀನಿ

73 ಇಂಟು 5000 = 3,65,000!! ಸೈಟ್ ಮಾರೋದೇ ಬೇಡ ಬಿಡಿ ಮದ್ವೆ ಬ್ಯಾಂಕೇ ಮಾಡ್ಸತ್ತೆ 😂

ಜಯನಗರ_ನಾಲ್ಕನೇ_ಬ್ಲಾಕ್

ಹೌದೌದು, ಮ್ಯಾನೇಜರ್ ತಟ್ಟೇಲಿ ಇಟ್ಕೊಂಡು ಅರಿಶಿನ ಕುಂಕುಮದ ಜೊತೆ ಕೊಡ್ತಾನೆ. ಕನಸು ಕಾಣ್ಬೇಡ್ರಪ್ಪಾ.

ಲೆಕ್ಕದ_ಪುಸ್ತಕ

@ವಕೀಲ_ಅಲ್ಲ ನಿಯಮ ಸರಿ ಇದೆ, ಆದ್ರೆ ಬ್ಯಾಂಕ್ ಏನನ್ನತ್ತೆ ಯೋಚ್ನೆ ಮಾಡಿ. "419 ಬಾಕಿ ಇದೆ, ಅಂದ್ರೆ ಸಾಲ ಇನ್ನೂ ಪೂರ್ತಿ ತೀರಿಲ್ಲ, ಅಂದ್ರೆ 30 ದಿನ ಶುರುನೇ ಆಗಿಲ್ಲ." ಇಡೀ ಜಗಳ ಇರೋದು ಆ 419ರ ಮೇಲೇನೇ. ಅದು ಇವರ ಬಾಕಿಯಾ ಬ್ಯಾಂಕಿನ ತಪ್ಪಾ ಅನ್ನೋದು ತೀರ್ಮಾನ ಆದ್ರೆ ಉಳಿದಿದ್ದೆಲ್ಲ ತಾನಾಗೇ ಬಿಚ್ಕೊಳತ್ತೆ. ಸುಮ್ನೆ ಹೋಗಿ 655 ಕಟ್ಟಿದ್ರೆ "ಹೌದು, ಜೂನ್‌ವರೆಗೂ ಬಾಕಿ ಇತ್ತು" ಅಂತ ನೀವೇ ಒಪ್ಕೊಂಡಂಗೆ. ಸಿಬಿಲಲ್ಲಿ ಆ 56 ದಿನದ ಕಲೆನೂ ಹಾಗೇ ಉಳಿಯತ್ತೆ.

ಹಳೇ_ಕ್ಯಾಷಿಯರ್

ತಮ್ಮಾ, ನಾನು 34 ವರ್ಷ ಬ್ಯಾಂಕಿನಲ್ಲಿ ಇದ್ದವನು, ಈಗ ನಿವೃತ್ತ. ನಿಮ್ಮ ಸಮಸ್ಯೆಗೆ ಬ್ಯಾಂಕಿನ ಭಾಷೆಯಲ್ಲಿ ಒಂದು ಮಾತಿದೆ, ವ್ಯಾಲ್ಯೂ ಡೇಟ್. ಗಿರಾಕಿ ದುಡ್ಡನ್ನೂ ಲಿಖಿತ ಸೂಚನೆಯನ್ನೂ 4ಕ್ಕೆ ಕೊಟ್ಟು, ನಮ್ಮ ಕಡೆಯವರು 7ಕ್ಕೆ ಎಂಟ್ರಿ ಹಾಕಿದರೆ, ಎಂಟ್ರಿ 7ರಲ್ಲೇ ಇದ್ದರೂ ಅದಕ್ಕೆ 4ರ ವ್ಯಾಲ್ಯೂ ಡೇಟ್ ಕೊಡಬೇಕು. ಆಗ ಬಡ್ಡಿ ಲೆಕ್ಕ 4ಕ್ಕೇ ನಿಲ್ಲುತ್ತದೆ, 419 ಹುಟ್ಟುವುದೇ ಇಲ್ಲ. ಸಿಸ್ಟಮ್‌ನಲ್ಲಿ ಇದಕ್ಕೆ ದಾರಿ ಇದೆ, ಮೇಲಿನವರ ಅನುಮತಿ ಬೇಕಾಗುತ್ತದೆ ಅಷ್ಟೆ.

ನೀವು ಬ್ರಾಂಚಿಗೆ ಹೋಗಿ "ನನಗೆ ಅನ್ಯಾಯ ಆಗಿದೆ" ಎಂದರೆ ಯಾರೂ ತಲೆ ಎತ್ತುವುದಿಲ್ಲ. "ಮಾರ್ಚ್ 4ರ ವ್ಯಾಲ್ಯೂ ಡೇಟ್ ಕೊಟ್ಟು ಬಡ್ಡಿ ರಿವರ್ಸ್ ಮಾಡಿ" ಎಂದು ಬರವಣಿಗೆಯಲ್ಲಿ ಕೇಳಿ. ಕೇಳುವ ಪದ ಗೊತ್ತಿದ್ದರೆ ಕುರ್ಚಿ ಹಾಕುತ್ತಾರೆ.

ಒಂದೇ ಪ್ರಶ್ನೆ. 4ರಂದು ಕೊಟ್ಟ ಲೆಟರಿನ ಸೀಲ್ ಹಾಕಿದ ಪ್ರತಿ ಇದೆಯೇ?

ಕೊಬ್ಬರಿ_ಹುಡುಗ

ಸರ್ ತುಂಬಾ ಥ್ಯಾಂಕ್ಸ್. ಜೆರಾಕ್ಸಿಗೆ ಸೀಲ್ ಹಾಕಿಸ್ಕೊಂಡ ನೆನಪಿದೆ, ಊರಲ್ಲಿರ್ಬೇಕು, ಅಮ್ಮಂಗೆ ಹುಡುಕೋಕೆ ಹೇಳಿದೀನಿ.

ಹುಬ್ಳಿ_ಗಿರ್ಮಿಟ್

ನಮ್ಮ ಕಾಕಾಂದೂ ಹಿಂಗ ಆಗಿತ್ರೀ, ಆದ್ರ ಅದು ಸೊಸಾಯಿಟಿ ಸಾಲ. ಪೂರ್ತಿ ತುಂಬ್ಯಾರ, ರಶೀದಿನೂ ಐತಿ. ಬೇಬಾಕಿ ಪತ್ರ ಕೊಡ್ರಿ ಅಂದ್ರ ಸೆಕ್ರೆಟರಿ ಇವತ್ತಿಲ್ಲ ನಾಳೆ ಬರ್ರಿ, ನಾಳೆ ಹೋದ್ರ ಪ್ರಿಂಟರ್ ಕೆಟ್ಟೈತಿ. ಕಾಕಾ ಒಂದಿನ ಬುತ್ತಿ ಕಟ್ಕೊಂಡು ಹೋಗಿ ಅಲ್ಲೇ ಬೆಂಚಿನ ಮ್ಯಾಲೆ ಕುಂತು ರೊಟ್ಟಿ ಬಿಚ್ಚಿದ್ರು. ಕೈಲೆ ಬರದು ಶಿಕ್ಕಾ ಹೊಡ್ದು ಕೊಟ್ಟ್ರು ನೋಡ್ರಿ ಆವಾಗ.

ಮಲ್ನಾಡ್_ಮಳೆ

ರೊಟ್ಟಿ ಟೆಕ್ನಿಕ್ ಆರ್‌ಬಿಐ ಸರ್ಕ್ಯುಲರಿಗಿಂತ ಪವರ್‌ಫುಲ್ 👏

ಎಸ್‌ಐಪಿ_ಗುರು

ಬೇಜಾರಾಗ್ಬೇಡಿ ಬ್ರೋ, ಮುಂಚೆ ಕಟ್ಟಿದ್ದೇ ತಪ್ಪು. ಎಜುಕೇಶನ್ ಲೋನ್ ಬಡ್ಡಿಗೆ ಇನ್‌ಕಮ್ ಟ್ಯಾಕ್ಸ್ ಕಾಯ್ದೆ ಸೆಕ್ಷನ್ 80ಇಲಿ ಟ್ಯಾಕ್ಸ್ ಡಿಡಕ್ಷನ್ ಇತ್ತು, ಲಿಮಿಟ್ಟೇ ಇಲ್ಲ. 4.86 ಲಕ್ಷ ಇಂಡೆಕ್ಸ್ ಫಂಡಿಗೆ ಹಾಕಿ ಇಎಂಐ ನಿಧಾನಕ್ಕೆ ಕಟ್ತಾ ಹೋಗಿದ್ರೆ ಈ ತಲೆನೋವೇ ಇರ್ತಿರ್ಲಿಲ್ಲ.

ಲೆಕ್ಕದ_ಪುಸ್ತಕ

ಬಂದ್ರು ನೋಡಿ. 80ಇ ಸಿಗೋದು ಹಳೇ ಟ್ಯಾಕ್ಸ್ ರಿಜೀಮಲ್ಲಿ ಮಾತ್ರ, ಅದೂ ಬಡ್ಡಿಗೆ ಮಾತ್ರ, ಬಡ್ಡಿ ಕಟ್ಟೋಕೆ ಶುರು ಮಾಡಿದ ವರ್ಷದಿಂದ ಎಂಟು ವರ್ಷ ಅಷ್ಟೇ. ಹೊಸ ರಿಜೀಮಲ್ಲಿದ್ರೆ ಸೊನ್ನೆ. ದಿನಕ್ಕೆ 140 ರೂಪಾಯಿ ಬಡ್ಡಿ ಅಂದ್ರೆ ಇವರ ರೇಟು ಹತ್ತೂವರೆ ಪರ್ಸೆಂಟ್ ಹತ್ರ ಇದೆ. ಹಳೇ ರಿಜೀಮಲ್ಲಿ 30% ಸ್ಲ್ಯಾಬಲ್ಲಿದ್ರೂ ಎಲ್ಲಾ ಕಳೆದು ಏಳು ಚಿಲ್ರೆ ಬೀಳತ್ತೆ, ಹೊಸದ್ರಲ್ಲಿ ಪೂರ್ತಿ ಹತ್ತೂವರೆ. ಹತ್ತೂವರೆ ಗ್ಯಾರಂಟಿ ಕೊಡೋ ಇಂಡೆಕ್ಸ್ ಫಂಡ್ ಯಾವ್ದು ಹೇಳಿ, ನಾನೂ ಹಾಕ್ತೀನಿ.

ಎಸ್‌ಐಪಿ_ಗುರು

ಲಾಂಗ್ ಟರ್ಮ್ ಅಂತ ಒಂದಿರತ್ತೆ ಮೇಡಂ

ಲೆಕ್ಕದ_ಪುಸ್ತಕ

ಅವರ ತಂಗಿ ಮದುವೆ ಶ್ರಾವಣದಲ್ಲಿ ಸಾರ್.

ಕುಡ್ಲದ_ಮಾಣಿ

ಮಾರಾಯ್ರೆ ನನ್ನದು ಇನ್ನೊಂದು ಕಥೆ ಉಂಟು. ನಾನು ಕೂಡ ಮೂರು ವರ್ಷ ಮೊದಲೇ ಕ್ಲೋಸ್ ಮಾಡಿದ್ದು, ನೋ ಡ್ಯೂ ಸರ್ಟಿಫಿಕೇಟ್ ಕೂಡ ಕೊಟ್ರು. ಮುಂದಿನ ತಿಂಗಳು 5ಕ್ಕೆ ನೋಡಿದ್ರೆ ಸಂಬಳದ ಅಕೌಂಟಿಂದ ಇಎಂಐ ಹೋಗಿದೆ! ಕೇಳಿದ್ರೆ ನ್ಯಾಚ್ ಮ್ಯಾಂಡೇಟ್ (ಅಕೌಂಟಿಂದ ತಾನಾಗೇ ಇಎಂಐ ಎಳೀಲಿಕ್ಕೆ ನಾವು ಕೊಟ್ಟ ಒಪ್ಪಿಗೆ) ಕ್ಯಾನ್ಸಲ್ ಆಗ್ಲಿಲ್ಲ, ಅದು ಬೇರೆ ಡಿಪಾರ್ಟ್‌ಮೆಂಟ್ ಅಂತ. ಲೋನೇ ಇಲ್ಲದ ಅಕೌಂಟಿಗೆ ಇಎಂಐ ಎಳೀಲಿಕ್ಕೆ ಮಾತ್ರ ಇವರ ಸಿಸ್ಟಮ್ ಕರೆಕ್ಟ್ ಟೈಮಿಗೆ ಕೆಲಸ ಮಾಡ್ತದೆ. ವಾಪಸ್ ಬರ್ಲಿಕ್ಕೆ 47 ದಿವಸ. ಸಂಬಳದ ಬ್ಯಾಂಕಿನ ಆ್ಯಪಲ್ಲಿ ನಾವೇ ಮ್ಯಾಂಡೇಟ್ ಕ್ಯಾನ್ಸಲ್ ಮಾಡ್ಲಿಕ್ಕೆ ಆಗ್ತದಾ ಅಂತ ಮೊದಲು ನೋಡಿ, ಅವರನ್ನು ಕಾಯ್ಬೇಡಿ.

ಡಾಲಸ್_ದೋಸೆ

ಸರ್ಕಾರಿ ಬ್ಯಾಂಕ್ ಆಗಿದ್ದಕ್ಕೆ 419ರಲ್ಲಿ ನಿಂತಿದೆ, ಖುಷಿಪಡಿ. ನಾನು ಎಂಎಸ್‌ಗೆ ಅಂತ ಒಂದು ಪ್ರೈವೇಟ್ ಫೈನಾನ್ಸ್ ಕಂಪನೀಲಿ ತಗೊಂಡಿದ್ದೆ. ಇಲ್ಲಿ ಕೆಲಸ ಸಿಕ್ಕಿದ ಮೊದಲ ವರ್ಷನೇ 6 ಲಕ್ಷ ಪಾರ್ಟ್ ಪೇಮೆಂಟ್ ಕಳಿಸ್ದೆ. ಆರು ತಿಂಗಳಾದ್ಮೇಲೆ ಸ್ಟೇಟ್‌ಮೆಂಟ್ ತೆಗೆದ್ರೆ ಅಸಲು ಇದ್ದಲ್ಲೇ ಇದೆ. ಆ 6 ಲಕ್ಷನ "ಅಡ್ವಾನ್ಸ್ ಇಎಂಐ" ಅಂತ ಪಕ್ಕಕ್ಕೆ ಎತ್ತಿಟ್ಟು, ತಿಂಗಳ ತಿಂಗಳ ಅದರಿಂದ ಇಎಂಐ ಕಟ್ ಮಾಡ್ಕೊಂಡು, ಪೂರ್ತಿ ಅಸಲಿಗೆ ಬಡ್ಡಿ ಹಾಕ್ಕೊಂಡು ಕೂತಿದ್ರು. ನಮ್ಮ ದುಡ್ಡು ಅವರ ಜೇಬಲ್ಲಿ, ಬಡ್ಡಿ ನಮ್ಮ ತಲೆ ಮೇಲೆ. "ನೀವು ಅಸಲಿಗೆ ಹಾಕಿ ಅಂತ ಮೇಲ್ ಮಾಡಿರ್ಲಿಲ್ವಲ್ಲ ಸರ್" ಅಂದ ಕಸ್ಟಮರ್ ಕೇರ್ ಹುಡುಗ. ಆಮೇಲಿಂದ ಪ್ರತಿ ಸಲ ದುಡ್ಡು ಹಾಕೋ ಮುಂಚೆ "ಇದು ಅಸಲಿಗೆ, ಮುಂದಿನ ಇಎಂಐಗೆ ಅಲ್ಲ" ಅಂತ ಮೇಲ್ ಹಾಕ್ತಿದ್ದೆ.

ಕೊನೇಲಿ ಕ್ಲೋಸ್ ಮಾಡ್ವಾಗ 2% ಚಾರ್ಜ್, ಮೇಲೆ ಜಿಎಸ್‌ಟಿ. ಫ್ಲೋಟಿಂಗ್ ರೇಟ್ (ಬಡ್ಡಿ ದರ ಬದಲಾಗ್ತಾ ಇರೋ) ಲೋನಿಗೆ ಚಾರ್ಜ್ ಹಾಕೋ ಹಂಗಿಲ್ಲ ಅಂತ 2014ರಲ್ಲೇ ಆರ್‌ಬಿಐ ಹೇಳಿದೆಯಲ್ಲ ಅಂದ್ರೆ, ನಿಮ್ಮದು ಮೊದಲ ಮೂರು ವರ್ಷ ಫಿಕ್ಸೆಡ್ ಅಂತ ಅಗ್ರಿಮೆಂಟ್ 19ನೇ ಪುಟ ತೋರ್ಸಿದ್ರು. ನಾನೇ ಸೈನ್ ಹಾಕಿದ್ದೆ. ಓದಿರ್ಲಿಲ್ಲ. ವೀಸಾ ಡೇಟ್ ತಲೇಲಿ ಇರ್ವಾಗ 19ನೇ ಪುಟ ಯಾರ್ ಓದ್ತಾರೆ.

ಬರೀ_ಓದ್ತೀನಿ

ನಾನು ಮೊದಲ ಪುಟನೂ ಓದಿಲ್ಲ ಈಗ ಭಯ ಆಗ್ತಿದೆ

ನರ್ಸ್_ಅಕ್ಕ

ಬಿಎಸ್ಸಿ ನರ್ಸಿಂಗಿಗೆ ತಗೊಂಡಿದ್ದೆ. ಮನೆ ವರಮಾನ ನಾಲ್ಕೂವರೆ ಲಕ್ಷದೊಳಗೆ ಇದ್ರೆ ಓದೋವಾಗಿನ ಬಡ್ಡಿ ಕೇಂದ್ರ ಸರ್ಕಾರ ಕಟ್ಟೋ ಸ್ಕೀಮ್ ಇದೆಯಲ್ಲ, ಅದಕ್ಕೆ ನಮ್ಮದು ಸೇರಿತ್ತು. ನಾನು ದುಬೈಗೆ ಬಂದು ಬೇಗ ಕ್ಲೋಸ್ ಮಾಡ್ದೆ, ಸಬ್ಸಿಡಿ ಬಾರದೇ ಇದ್ದ ವರ್ಷಗಳ ಬಡ್ಡಿನೂ ನಾನೇ ಕಟ್ದೆ. ಆಮೇಲೆ ಬಂದ ಸಬ್ಸಿಡಿ ಎಲ್ಲೋಯ್ತು ಅಂತ ಕೇಳಿದ್ರೆ ಬ್ರಾಂಚಿನೋರು "ಅದು ನೋಡಲ್ ಬ್ಯಾಂಕಿಂದ ಬರ್ಬೇಕಮ್ಮ" ಅಂತಾರೆ (ನೋಡಲ್ ಅಂದ್ರೆ ಸ್ಕೀಮಿನ ದುಡ್ಡು ಹಂಚೋ ಬ್ಯಾಂಕು, ಈ ಸ್ಕೀಮಿಗೆ ಕೆನರಾ ಬ್ಯಾಂಕ್). ತಮ್ಮನ ಕೈಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ನಮ್ಮ ಬ್ರಾಂಚಿಗೇ ಆರ್‌ಟಿಐ ಹಾಕ್ಸಿದೆ, ನನ್ನ ಹೆಸರಲ್ಲಿ ಎಷ್ಟು ಕ್ಲೇಮ್ ಮಾಡಿದ್ರಿ, ಎಷ್ಟು ಬಂತು, ಯಾವ ಅಕೌಂಟಿಗೆ ಹಾಕಿದ್ರಿ ಅಂತ ಮೂರೇ ಪ್ರಶ್ನೆ. 28ನೇ ದಿನಕ್ಕೆ ದುಡ್ಡು ಎಸ್‌ಬಿಗೆ ಬಂತು, ಉತ್ತರ ಬಂದಿದ್ದು ಆಮೇಲೆ. ಸರ್ಕಾರಿ ಬ್ಯಾಂಕಾದ್ರೆ ಆರ್‌ಟಿಐ ಹಾಕಿ, ಪ್ರೈವೇಟಿಗೆ ನಡಿಯಲ್ಲ.

ಜಯನಗರ_ನಾಲ್ಕನೇ_ಬ್ಲಾಕ್

ಇಷ್ಟೆಲ್ಲಾ ಇರ್ಲಿ, ಮೊದ್ಲು ಆ ಬ್ರಾಂಚಲ್ಲಿ ಕನ್ನಡ ಬರೋರು ಯಾರಾದ್ರೂ ಇದಾರಾ? ನಮ್ಮ ಏರಿಯಾ ಬ್ರಾಂಚಲ್ಲಿ ನಮ್ಮಮ್ಮ ಪಿಂಚಣಿ ಕೇಳೋಕೆ ಹೋದ್ರೆ ಸೆಕ್ಯುರಿಟಿ ಗಾರ್ಡ್ ಟ್ರಾನ್ಸ್‌ಲೇಟರ್. ಬ್ಯಾಂಕ್ ನಡೀತಿರೋದೇ ಆ ಗಾರ್ಡಿಂದ.

ಹಳೇ_ಕ್ಯಾಷಿಯರ್

ಅದು ನಿಜವೇ. ಆದರೆ ಸಿಬ್ಬಂದಿಯನ್ನು ಮಾತ್ರ ಬೈಯಬೇಡಿ. ನಮ್ಮ ಕಾಲದಲ್ಲಿ ಹನ್ನೊಂದು ಜನ ಮಾಡುತ್ತಿದ್ದ ಕೆಲಸಕ್ಕೆ ಈಗ ನಾಲ್ಕು ಜನ. ಅಡವಿಟ್ಟ ಪತ್ರಗಳು ಮುಂಚೆ ಬ್ರಾಂಚಿನ ಸ್ಟ್ರಾಂಗ್ ರೂಮಿನಲ್ಲೇ ಇರುತ್ತಿದ್ದವು, ಬೀಗ ತೆಗೆದು ಕೊಟ್ಟರೆ ಮುಗಿಯಿತು. ಈಗ ಅನೇಕ ಬ್ಯಾಂಕುಗಳಲ್ಲಿ ಅವು ಬೇರೆ ಊರಿನ ಕೇಂದ್ರ ಕಚೇರಿಗೆ ಹೋಗಿ ಕುಳಿತಿರುತ್ತವೆ.

ಮಲ್ನಾಡ್_ಮಳೆ

ನಾಲ್ಕು ಜನ ಇದಾರೆ ಅನ್ನೋದು ಇವರಪ್ಪನ ತಪ್ಪಾ ಸರ್? ಓವರ್‌ಡ್ಯೂ ಅಂತ ಎಲ್ಲರ ಮುಂದೆ ಕೂಗೋಕೆ ಮಾತ್ರ ಟೈಮ್ ಇರತ್ತೆ.

ಹಳೇ_ಕ್ಯಾಷಿಯರ್

ತಪ್ಪಲ್ಲ. ಅದನ್ನು ಸಮರ್ಥಿಸುತ್ತಿಲ್ಲ.

ಕೊಬ್ಬರಿ_ಹುಡುಗ | ಜೂನ್ 16

ಲೆಟರ್ ಸಿಕ್ತು!! ಅಮ್ಮ ಪಂಚಾಂಗದ ಒಳಗೆ ಯುಗಾದಿ ಪುಟದಲ್ಲಿ ಮಡಚಿಟ್ಟಿದ್ಲು. ಸೀಲ್ ಇದೆ, ಇನಿಷಿಯಲ್ ಇದೆ. ಆದ್ರೆ ಒಂದು ತಮಾಷೆ. ಸೀಲಲ್ಲಿ ಡೇಟ್ 3 ಮಾರ್ಚ್ ಅಂತಿದೆ! ಬೆಳಿಗ್ಗೆ ಸೀಲಿನ ಚಕ್ರ ತಿರುಗಿಸೋದೇ ಮರ್ತಿದಾರೆ. ನಾನು ಕೊಟ್ಟಿದ್ದು 4ಕ್ಕೇ, ಲೆಟರಲ್ಲಿ ನನ್ನ ಕೈಬರಹದಲ್ಲೂ 4 ಅಂತಾನೇ ಇದೆ. ಇದ್ರಿಂದ ತೊಂದ್ರೆ ಆಗತ್ತಾ?

ವಕೀಲ_ಅಲ್ಲ

ಹಹ್ಹಹ್ಹ ಅವರ ಸೀಲೇ ಅವರಿಗೆ ಇನ್ನೊಂದು ದಿನ ಲೇಟ್ ಹಾಕ್ತಿದೆ. ನೀವು 4 ಅಂತಾನೇ ಬರೀರಿ, ಸುಳ್ಳು ಬೇಡ. ಪಾಸ್‌ಬುಕ್ಕಲ್ಲಿ ದುಡ್ಡು ಬಿದ್ದಿದ್ದು 4ಕ್ಕೆ ಅಂತ ಇದೆಯಲ್ಲ, ಅದರ ಜೆರಾಕ್ಸ್ ಸೇರ್ಸಿ. 7ಕ್ಕೆ ಕೊಟ್ಟೆ ಅಂತ ಇನ್ಯಾರೂ ವಾದ ಮಾಡೋಕಾಗಲ್ಲ.

ಈಗ ಕ್ರಮ ಕೇಳಿ. ಬ್ರಾಂಚಿಗೆ ಲಿಖಿತ ದೂರು, ಅದರ ಪ್ರತಿ ಬ್ಯಾಂಕಿನ ಪ್ರಿನ್ಸಿಪಲ್ ನೋಡಲ್ ಆಫೀಸರಿಗೆ ಇಮೇಲು. ಅವರಿಗೆ 30 ದಿನ ಟೈಮು. ಉತ್ತರ ಬರ್ಲಿಲ್ಲ ಅಥವಾ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್ (ಬ್ಯಾಂಕ್ ಮೇಲಿನ ದೂರು ವಿಚಾರಿಸೋರು), ಅವರ ಸಿಎಂಎಸ್ ಪೋರ್ಟಲಲ್ಲಿ ಆನ್‌ಲೈನ್ ಹಾಕ್ಬೋದು, ಒಂದು ಪೈಸಾ ಫೀಸಿಲ್ಲ. ಬ್ಯಾಂಕಿಗೆ ಬರೀದೆ ನೇರ ಅಲ್ಲಿಗೆ ಹೋದ್ರೆ ಅಲ್ಲೇ ವಜಾ. ಲಾಯರ್ ಮೂಲಕ ಹಾಕಿದ್ರೂ ತಗೊಳಲ್ಲ, ನೀವೇ ಹಾಕ್ಬೇಕು.

ನರ್ಸ್_ಅಕ್ಕ

14448ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಹೇಳ್ತಾರೆ, ಹೇಗೆ ಹಾಕೋದು ಅಂತ. ಕಾಗದದಲ್ಲಿ ಕಳಿಸೋದಾದ್ರೆ ಚಂಡೀಗಢಕ್ಕೆ ಹೋಗತ್ತೆ, ಅದಕ್ಕಿಂತ ಪೋರ್ಟಲ್ ಮೇಲು.

ಜಯನಗರ_ನಾಲ್ಕನೇ_ಬ್ಲಾಕ್

30 ದಿನ ಬ್ಯಾಂಕು, ಆಮೇಲೆ ಓಂಬುಡ್ಸ್‌ಮನ್ ಎಷ್ಟು ತಿಂಗಳೋ. ಮದುವೆ ಒಂದೂವರೆ ತಿಂಗಳಲ್ಲಿ. ನಾನು ಮೊದ್ಲೇ ಹೇಳ್ದೆ, 655 ಕಟ್ಟಿ ಪತ್ರ ಬಿಡಿಸ್ಕೊಳಿ, ಜಗಳ ಆಮೇಲೆ.

ಲೆಕ್ಕದ_ಪುಸ್ತಕ

ಈ ಸಲ ಜಯನಗರದವರ ಮಾತಲ್ಲಿ ಅರ್ಧ ಒಪ್ತೀನಿ. ಕಟ್ಟಿ, ಆದ್ರೆ ಆಕ್ಷೇಪಣೆ ಬರ್ದು ಕಟ್ಟಿ. "ಈ ಮೊತ್ತ ನನ್ನ ಬಾಕಿ ಅಲ್ಲ, ಪತ್ರ ಬಿಡಿಸಿಕೊಳ್ಳುವ ತುರ್ತಿಗಾಗಿ ಮಾತ್ರ ಕಟ್ಟುತ್ತಿದ್ದೇನೆ, ಸಾಲ 4-3-2025ಕ್ಕೇ ತೀರಿದೆ ಎಂಬ ನನ್ನ ಹಕ್ಕು ಬಿಟ್ಟುಕೊಟ್ಟಿಲ್ಲ" ಅಂತ ಮೂರು ಸಾಲು, ಸೀಲ್ ಹಾಕಿಸ್ಕೊಳಿ. ಚಕ್ರ ತಿರುಗಿಸಿದಾರಾ ನೋಡಿ 😄

ವಕೀಲ_ಅಲ್ಲ

ನಂಗೆ ಪೂರ್ತಿ ಒಪ್ಪಿಗೆ ಇಲ್ಲ. ಒಮ್ಮೆ ಕಟ್ಟಿದ್ರೆ ಬ್ಯಾಂಕಿಗೆ ಒತ್ತಡನೇ ಇರಲ್ಲ, ವ್ಯಾಲ್ಯೂ ಡೇಟ್ ಯಾಕ್ ಕೊಡ್ತಾರೆ? ಮೊದ್ಲು ಹತ್ತು ದಿನ ದೂರು ಹಾಕಿ ನೋಡ್ಲಿ.

ಲೆಕ್ಕದ_ಪುಸ್ತಕ

ಹತ್ತು ದಿನ ಅಂತ ಒಪ್ಪಿಕೊಂಡೆ. ಹನ್ನೊಂದನೇ ದಿನ ಕಟ್ಟೋದು.

ಹಳೇ_ಕ್ಯಾಷಿಯರ್

ಆ ಇನ್ಸ್‌ಪೆಕ್ಷನ್ 236ಕ್ಕೆ ಇನ್ಸ್‌ಪೆಕ್ಷನ್ ರಿಪೋರ್ಟ್ ಕೊಡಿ ಎಂದು ಕೇಳಿ. ಇರುವುದಿಲ್ಲ. ವರ್ಷಕ್ಕೊಮ್ಮೆ ಸಿಸ್ಟಮ್ ತಾನಾಗಿಯೇ ಹಾಕುವ ಚಾರ್ಜ್ ಅದು.

ಸಾಲ_ಮುಕ್ತ

ಸಿಬಿಲ್ ಬಗ್ಗೆ ಯಾರೂ ಹೇಳ್ಲಿಲ್ಲ. ಅದಕ್ಕೆ ಬೇರೆ ದೂರು ಹಾಕ್ಬೇಕು, ಸಿಬಿಲ್ ಸೈಟಲ್ಲೇ ಡಿಸ್ಪ್ಯೂಟ್ ಅಂತ ಇದೆ. 30 ದಿನದಲ್ಲಿ ಸರಿ ಮಾಡ್ಲಿಲ್ಲ ಅಂದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ನಿಯಮ ಇದೆ, 2024 ಏಪ್ರಿಲಿಂದ. ಅಪ್ಪಂದು ಬೇರೆ ನಿಮ್ಮದು ಬೇರೆ ಹಾಕಿ, ಕೋ ಅಪ್ಲಿಕೆಂಟ್ ರಿಪೋರ್ಟ್ ತಾನಾಗೇ ಸರಿಹೋಗತ್ತೆ ಅಂತ ನಂಬಿ ನಾನು ಕೆಟ್ಟಿದೀನಿ, ನಮ್ಮಪ್ಪಂಗೆ ಟ್ರ್ಯಾಕ್ಟರ್ ಲೋನ್ ಹೋಯ್ತು. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಮೂರನ್ನೂ ನೋಡಿ, ವರ್ಷಕ್ಕೆ ಒಂದೊಂದ್ಸಲ ನಾಲ್ಕೂ ಫ್ರೀ.

ಬರೀ_ಓದ್ತೀನಿ

ಲೋನ್ ಜೊತೆ ಇನ್ಶೂರೆನ್ಸ್ ಅಂತ 14 ಸಾವಿರ ಕಟ್ ಮಾಡಿದ್ರು ನಂದು. ಬೇಗ ಕ್ಲೋಸ್ ಮಾಡಿದ್ರೆ ವಾಪಸ್ ಬರತ್ತಾ

ಸಾಲ_ಮುಕ್ತ

ಪಾಲಿಸಿ ಸರೆಂಡರ್ ಮಾಡಿದ್ರೆ ಉಳಿದ ಅವಧಿಗೆ ಸ್ವಲ್ಪ ಬರತ್ತೆ, ಕೇಳಿದ್ರೆ ಮಾತ್ರ. ನಂಗೆ 5,200 ಬಂತು. ಪಾಲಿಸಿ ಕಾಗದ ಹುಡ್ಕಿ, ಅದ್ರಲ್ಲಿ ಪಟ್ಟಿ ಇರತ್ತೆ.

ಕೊಬ್ಬರಿ_ಹುಡುಗ | ಜೂನ್ 18

ಇವತ್ತು ರಜಾ ಹಾಕಿ ಊರಿಗೆ ಬಂದಿದ್ದೆ. ಹಳೇ ಮ್ಯಾನೇಜರ್ ಟ್ರಾನ್ಸ್‌ಫರ್ ಆಗಿ ಹೊಸಬರು ಬಂದಿದಾರೆ, ಕನ್ನಡ ಕಲೀತಿದಾರೆ, "ಕೂತ್ಕೊಳಿ" ಅಂದ್ರು ಅಷ್ಟರಮಟ್ಟಿಗೆ ಒಳ್ಳೇವ್ರು. ವ್ಯಾಲ್ಯೂ ಡೇಟ್ ಅಂದ ತಕ್ಷಣ ಕನ್ನಡಕ ತೆಗೆದು ನನ್ನ ಮುಖ ನೋಡಿದ್ರು. "ಆಪ್ ಬ್ಯಾಂಕ್ ಮೇ ಹೈ ಕ್ಯಾ?" ಅಂದ್ರು. ಕ್ಯಾಷಿಯರ್ ಸರ್, ನಿಮ್ಮ ಮಾತು ನಿಜ, ಕುರ್ಚಿ ಬಂತು.

ಲೆಟರ್, ಪಾಸ್‌ಬುಕ್ ಜೆರಾಕ್ಸ್ ನೋಡಿದ್ರು. 236ಕ್ಕೆ ರಿಪೋರ್ಟ್ ಕೇಳ್ದೆ, ನಕ್ಕು ರಿವರ್ಸ್ ಮಾಡ್ತೀನಿ ಅಂದ್ರು. 419ಕ್ಕೆ ರೀಜನಲ್ ಆಫೀಸ್ ಪರ್ಮಿಷನ್ ಬೇಕಂತೆ. ದೂರಿನ ಪ್ರತಿಗೆ ಸೀಲ್ ಹಾಕಿಸ್ಕೊಂಡೆ. ಡೇಟ್ ಸರಿ ಇದೆ, ಚೆಕ್ ಮಾಡ್ದೆ.

ಹುಬ್ಳಿ_ಗಿರ್ಮಿಟ್

ರೊಟ್ಟಿ ಒಯ್ದಿದ್ರೇನು?

ಕೊಬ್ಬರಿ_ಹುಡುಗ

ಅಮ್ಮ ಚಿತ್ರಾನ್ನ ಕಟ್ಟಿದ್ಲು, ಬಿಚ್ಚೋ ಪರಿಸ್ಥಿತಿ ಬರ್ಲಿಲ್ಲ 😀

ಕೊಬ್ಬರಿ_ಹುಡುಗ | ಜೂನ್ 27

ಹತ್ತನೇ ದಿನ ಮುಗೀತಾ ಬಂತು ಅಂತ ಆಕ್ಷೇಪಣೆ ಲೆಟರ್ ಟೈಪ್ ಮಾಡಿ ಇಟ್ಕೊಂಡಿದ್ದೆ. ಇವತ್ತು ಮಧ್ಯಾಹ್ನ ಮೆಸೇಜ್ ಬಂತು, ಲೋನ್ ಅಕೌಂಟ್ ಬ್ಯಾಲೆನ್ಸ್ 0.00. ಸ್ಟೇಟ್‌ಮೆಂಟ್ ತೆಗ್ದೆ, 4 ಮಾರ್ಚ್ ವ್ಯಾಲ್ಯೂ ಡೇಟ್ ಕೊಟ್ಟಿದಾರೆ! ನೋ ಡ್ಯೂ ಸರ್ಟಿಫಿಕೇಟಲ್ಲೂ ಮಾರ್ಚ್ 4ಕ್ಕೆ ಸಾಲ ಮುಗಿದಿದೆ ಅಂತಾನೇ ಇದೆ.

ವಕೀಲ_ಅಲ್ಲ

ಅಂದ್ರೆ ಬ್ಯಾಂಕೇ ತನ್ನ ಕೈಯಾರೆ 30 ದಿನದ ಗಡುವು ಮಾರ್ಚ್ 4ರಿಂದ ಶುರು ಅಂತ ಬರ್ದುಕೊಟ್ಟಿದೆ. ಆ ಸರ್ಟಿಫಿಕೇಟ್ ಲ್ಯಾಮಿನೇಟ್ ಮಾಡ್ಸಿ.

ಹಳೇ_ಕ್ಯಾಷಿಯರ್

ಲ್ಯಾಮಿನೇಟ್ ಮಾಡಿಸಬೇಡಿ ಮಾರಾಯರೇ, ನೋಟರಿ ಸೀಲ್ ಹಾಕಲು ಆಗುವುದಿಲ್ಲ. ಜೆರಾಕ್ಸ್ ಇಟ್ಟುಕೊಳ್ಳಿ.

ಡಾಲಸ್_ದೋಸೆ | ಜುಲೈ 4

ಮೊನ್ನೆ 2ಕ್ಕೆ ಆರ್‌ಬಿಐ ಹೊಸ ನಿರ್ದೇಶನ ಹೊರಡಿಸಿದೆ, ನೋಡಿದ್ರಾ? ಬಿಸಿನೆಸ್ ಅಲ್ಲದ ಕೆಲಸಕ್ಕೆ ವ್ಯಕ್ತಿಗಳು ತಗೊಳೋ ಫ್ಲೋಟಿಂಗ್ ಲೋನಿಗೆ ಪ್ರೀಪೇಮೆಂಟ್ ಚಾರ್ಜ್ ಇಲ್ಲ, ಇಷ್ಟು ತಿಂಗಳು ಲಾಕಿನ್ ಅನ್ನೋ ಹಂಗೂ ಇಲ್ಲ, ದುಡ್ಡು ಎಲ್ಲಿಂದ ತಂದೆ ಅಂತ ಕೇಳೋ ಹಂಗಿಲ್ಲ. ಆದ್ರೆ 2026 ಜನವರಿ 1ರಿಂದ ಸ್ಯಾಂಕ್ಷನ್ ಅಥವಾ ರಿನ್ಯೂ ಆಗೋ ಲೋನಿಗೆ. ನನ್ನ 2% ಗೋವಿಂದ.

ಕೊಬ್ಬರಿ_ಹುಡುಗ | ಜುಲೈ 8

ಪತ್ರ ಬಂದಿದೆ ಅಂತ ಬ್ರಾಂಚಿಂದ ಫೋನ್. ಈಗ ಬ್ರಾಂಚಲ್ಲೇ ಕೂತು ಟೈಪ್ ಮಾಡ್ತಿದೀನಿ, ಬೇಗ ಹೇಳಿ. 2018ರಲ್ಲಿ ಕೊಟ್ಟ ಪಟ್ಟೀಲಿ ಏಳು ದಾಖಲೆ ಇದೆ. ಕವರಲ್ಲಿ ಆರೇ ಇದೆ. ಹಳೇ ಮೂಲ ಕ್ರಯಪತ್ರ (1994ರದ್ದು, ಅಪ್ಪಂಗೆ ಮಾರಿದೋರ ಹೆಸರಿಂದು) ಇಲ್ಲ. ಕ್ಲರ್ಕ್ "ರಿಜಿಸ್ಟರಲ್ಲಿ ಸೈನ್ ಹಾಕಿ ಸರ್, ಅದು ಬಂದ್ಮೇಲೆ ಕಳಿಸ್ತೀವಿ" ಅಂತಿದಾರೆ.

ಲೆಕ್ಕದ_ಪುಸ್ತಕ

ಹಾಕ್ಬೇಡಿ!!!

ವಕೀಲ_ಅಲ್ಲ

ಏಳು ಸಿಕ್ತು ಅಂತ ಸೈನ್ ಹಾಕಿದ್ರೆ ಮುಗೀತು ಕಥೆ. ರಿಜಿಸ್ಟರಲ್ಲೇ ನಿಮ್ಮ ಕೈಯಲ್ಲಿ "6 ಮಾತ್ರ ಸ್ವೀಕರಿಸಿದೆ, ಕ್ರಮ ಸಂಖ್ಯೆ ಇಷ್ಟು ಬಂದಿಲ್ಲ" ಅಂತ ಬರ್ದು ಅದರ ಕೆಳಗೆ ಸೈನ್. ಫೋಟೋ ತಗೊಳಿ.

ಹಳೇ_ಕ್ಯಾಷಿಯರ್

ಹಾಗೆಯೇ ಮಾಡಿ. ಪತ್ರ ಕಳೆದಿದ್ದರೆ ಡೂಪ್ಲಿಕೇಟ್ ಪ್ರತಿ ತೆಗೆಸಿಕೊಡಲು ಬ್ಯಾಂಕೇ ನೆರವಾಗಬೇಕು, ಖರ್ಚೂ ಅವರದೇ. ಅದಕ್ಕೆ ಇನ್ನೂ 30 ದಿನ ಹೆಚ್ಚು ಕೊಟ್ಟಿದ್ದಾರೆ, ಒಟ್ಟು 60. ನಿಮ್ಮದು ಅದನ್ನೂ ದಾಟಿದೆ.

ಕೊಬ್ಬರಿ_ಹುಡುಗ

ಬರ್ದು ಹಾಕ್ದೆ. ಕ್ಲರ್ಕ್ ಮುಖ ಸಪ್ಪಗಾಯ್ತು. ಅಪ್ಪ ಪಕ್ಕದಲ್ಲಿ ಕೂತು ಒಂದೊಂದು ಹಾಳೆನೂ ಬೆರಳು ನೆಕ್ಕೊಂಡು ಎಣಿಸ್ತಿದಾರೆ, ಹಿಂದೆ ಮುಂದೆ ಎರಡೂ ಕಡೆ, ಛಾಪಾ ಕಾಗದನ ಬೆಳಕಿಗೆ ಹಿಡ್ದು ನೋಡ್ತಿದಾರೆ. ಹಿಂದೆ ಕ್ಯೂ ಬೆಳೀತಿದೆ. ಯಾರೂ ಏನೂ ಅಂತಿಲ್ಲ.

ಕೊಬ್ಬರಿ_ಹುಡುಗ | ಜುಲೈ 14

ಏಳನೇದು ಸಿಕ್ತು. ಬೇರೆ ಯಾರದೋ ಮನೆ ಸಾಲದ ಫೈಲೊಳಗೆ ಸೇರ್ಕೊಂಡಿತ್ತಂತೆ. ಆ ಪುಣ್ಯಾತ್ಮನ ಕಂದಾಯ ರಶೀದಿ ಒಂದು ನಮ್ಮ ಕವರಲ್ಲಿತ್ತು, ವಾಪಸ್ ಕೊಟ್ವಿ.

ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಬ್ಯಾಂಕಿನೋರು ಬಂದು ರಿಲೀಸ್ ಬರ್ದುಕೊಡ್ಬೇಕು, ಗುರುವಾರಕ್ಕೆ ಸ್ಲಾಟ್ ಸಿಕ್ಕಿದೆ. ತಗೊಳೋರ ಲಾಯರ್ ಒಪ್ಪಿದಾರೆ.

ಮಲ್ನಾಡ್_ಮಳೆ

ಒಂದು ಮಾತು, ಇಸೀಲಿ ಹಳೇ ಅಡಮಾನದ ಸಾಲು ಅಳಿಸಿ ಹೋಗಲ್ಲ, ಕೆಳಗೆ ರಿಲೀಸ್ ಅಂತ ಹೊಸ ಸಾಲು ಬರತ್ತೆ ಅಷ್ಟೇ. ನಮ್ಮ ಚಿಕ್ಕಪ್ಪ ಅಳಿಸಿಲ್ಲ ಅಂತ ಎರಡು ವಾರ ಆಫೀಸಲ್ಲಿ ಕಿರುಚಾಡಿದ್ರು. ಗಾಬರಿ ಆಗ್ಬೇಡಿ. ಸೆರ್ಸಾಯ್ ಅಂತ ಅಡಮಾನ ದಾಖಲಿಸೋ ಇನ್ನೊಂದು ರಿಜಿಸ್ಟ್ರಿ ಇದೆ, ಅಲ್ಲೂ ಬ್ಯಾಂಕು ತೆಗೆಸಿದ್ಯಾ ಕೇಳಿ.

ಜಯನಗರ_ನಾಲ್ಕನೇ_ಬ್ಲಾಕ್

ದಿನಕ್ಕೆ 5,000 ಏನಾಯ್ತು? ಕೊಟ್ರಾ? ನಾನು ಹೇಳ್ಲಿಲ್ವಾ?

ಕೊಬ್ಬರಿ_ಹುಡುಗ

ಮ್ಯಾನೇಜರ್ "ಅದು ನನ್ನ ಲೆವೆಲ್ ಅಲ್ಲ" ಅಂದ್ರು. ಹೆಡ್ ಆಫೀಸಿಂದ "ತಾಂತ್ರಿಕ ಕಾರಣದಿಂದ ವಿಳಂಬ, ವಿಷಾದಿಸುತ್ತೇವೆ" ಅಂತ ಒಂದು ಇಮೇಲ್ ಬಂದಿದೆ, ಪರಿಹಾರದ ಬಗ್ಗೆ ಒಂದಕ್ಷರ ಇಲ್ಲ. ಜೂನ್ 18ಕ್ಕೆ 30 ದಿನ ಸೇರ್ಸಿದ್ರೆ ಜುಲೈ 18. 19ಕ್ಕೆ ಓಂಬುಡ್ಸ್‌ಮನ್ ಪೋರ್ಟಲಲ್ಲಿ ಹಾಕ್ತೀನಿ. ಕೊನೆ ಪತ್ರ ಕೈಗೆ ಸಿಕ್ಕಿದ್ದು ಇವತ್ತು, ಏಪ್ರಿಲ್ 3ರಿಂದ ಲೆಕ್ಕ ಹಾಕಿದ್ರೆ 102 ದಿನ.

ಬರೀ_ಓದ್ತೀನಿ

5,10,000!!! ಕೊನೇಲಿ ಕಟ್ಟಿದ ದುಡ್ಡಿಗಿಂತ ಜಾಸ್ತಿ ಆಯ್ತಲ್ರೀ

ಜಯನಗರ_ನಾಲ್ಕನೇ_ಬ್ಲಾಕ್

ಬಂದ್ರೆ ನನ್ನ ಹೆಸರಲ್ಲಿ ಒಂದು ಹೋಳಿಗೆ ಜಾಸ್ತಿ ಬಡಿಸಿ.

ಕುಡ್ಲದ_ಮಾಣಿ

ಸಿಬಿಲ್ ಸರಿ ಆಯ್ತಾ?

ಕೊಬ್ಬರಿ_ಹುಡುಗ

ನಂದು ಸರಿ ಆಗಿದೆ. ಅಪ್ಪಂದು ಇನ್ನೂ ಇಲ್ಲ, ಬೇರೆ ದೂರು ಹಾಕಿ ಅಂತ ಸಾಲ_ಮುಕ್ತ ಅವ್ರು ಹೇಳಿದ್ದು ಸರಿ. ಹಾಕಿದೀನಿ.

ಹುಬ್ಳಿ_ಗಿರ್ಮಿಟ್

ಲಗ್ನಕ್ಕ ಕರೀರಿ ಮತ್ತ.

ಕಲಬುರ್ಗಿ_ಬಿಸಿಲು

ಇಲ್ಲೇ ಕೇಳ್ತೀನಿ ಸಿಟ್ಟಾಗ್ಬ್ಯಾಡ್ರಿ. ನಂದು ಗೋಲ್ಡ್ ಲೋನ್ ಕ್ಲೋಸ್ ಮಾಡೀನಿ, ಬಂಗಾರ ವಾಪಸ್ ಕೊಟ್ಟಾರ, ಆದ್ರ ಸರದ ತೂಕ ಅರ್ಧ ಗ್ರಾಂ ಕಡಿಮಿ ಬರ್ಲಿಕತ್ತೈತಿ. ಅದಕ್ಕ ಏನರೆ ಸರ್ಕ್ಯುಲರ್ ಐತೇನ್ರಿ?

ಹಳೇ_ಕ್ಯಾಷಿಯರ್

ಅಡವಿಟ್ಟಾಗ ಅಪ್ರೈಸರ್ ಬರೆದ ತೂಕದ ಚೀಟಿ ಇದೆಯೇ ತಮ್ಮಾ? ಅದರಲ್ಲಿ ಒಟ್ಟು ತೂಕ ಎಷ್ಟು, ಹರಳು ಕಳೆದ ಮೇಲಿನ ತೂಕ ಎಷ್ಟು, ಎರಡೂ ಹೇಳಿ.